ಗಂಟೆ ಹೊಡೆಯುವವರ ಬೀಜಗಣಿತ

ಗಂಟೆ ಹೊಡೆಯುವ ಮೊದಲು ಅವರು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕೂಗಬೇಕಾದದ್ದು ಕಬ್ಬಿಣ, ಇವರಿಗೇಕೆ ಈ ತಯಾರಿ ಎಂದು ನಾನು ಸ್ಟಾಫ್ ರೂಮಿನಲ್ಲಿ ಕೂತು ನಗುತ್ತಿದ್ದೆ. ನಮ್ಮ ಕಾಲೇಜಿನ ಗಂಟೆ ಎಂದರೆ ವರಾಂಡದ ತೊಲೆಗೆ ಸರಪಳಿಯಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಅದಕ್ಕೆ ಹೊಡೆಯಲು ಒಂದು ಹಳೆಯ ಬೋಲ್ಟು. ಹದಿನೇಳು ವರ್ಷ ಹೊಡೆದು ಹೊಡೆದು ಕಂಬಿಯ ಒಂದು ಪಕ್ಕ ಬೆಳ್ಳಗೆ ಹೊಳೆಯುತ್ತಿತ್ತು.

ಹೋದ ತಿಂಗಳು ಚನ್ನಗಿರಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತವನು ಹಳೆಯ ವಿದ್ಯಾರ್ಥಿ ಅನ್ವರ್. ಅವನಿಗೂ ಈಗ ತಲೆ ನರೆತಿದೆ. ಕುಶಲ ಕೇಳಿದ, ನನ್ನ ಮೊಣಕಾಲು ನೋವಿನ ವಿಷಯ ವಿಚಾರಿಸಿದ, ಆಮೇಲೆ ದನಿ ತಗ್ಗಿಸಿ, "ಮೇಡಂ, ನಮ್ಮ ಗಂಟೆ ಅಣ್ಣ ಹೋಗ್ಬಿಟ್ರು. ಜಗಳೂರ್ನಾಗೇ ಮನೆ ಮಾಡ್ಕಂಡಿದ್ರು. ನಿಮಗೆ ತಿಳಿಸಾಕೆ ಅವರ ಮನೆಯೋರತ್ರ ವಿಳಾಸ ಇರಲಿಲ್ಲಂತೆ" ಎಂದ. ಎಲೆಗೆ ಆಗಷ್ಟೇ ಪಾಯಸ ಬಡಿಸಿದ್ದರು. ನನಗೆ ತಿನ್ನಲಾಗಲಿಲ್ಲ.

ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಹೆಸರಿಗೇನೂ ಕೊರತೆಯಿಲ್ಲ, ಚೆಂದದ ಹೆಸರೇ. ಆದರೆ ಆ ಹೆಸರನ್ನು ಪ್ರಿನ್ಸಿಪಾಲರ ಕೋಣೆಯಿಂದ, ಆಫೀಸಿನಿಂದ, ಲ್ಯಾಬಿನಿಂದ, ಲೈಬ್ರರಿಯಿಂದ ದಿನಕ್ಕೆ ನೂರು ಸಲ ಕೂಗುತ್ತಿದ್ದರು. ಕೂಗಿದವರಲ್ಲಿ ನಾನೂ ಒಬ್ಬಳು. ಅವರು ಹೋದ ಮೇಲಾದರೂ ನಾನು ಕೂಗುವುದು ಬೇಡ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಚನ್ನಗಿರಿಯಲ್ಲಿ ಹುಟ್ಟಿ ಬೆಳೆದು, ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಹೊನ್ನಾಳಿಯ ಒಂದು ಕಾಲೇಜಿಗೆ ಗಣಿತ ಪಾಠ ಮಾಡಲು ಬಂದಾಗ ನನಗೆ ಇಪ್ಪತ್ನಾಲ್ಕು. ನನ್ನ ಮೂಗಿನ ತುದಿಯ ಮೇಲೆ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಲೆಕ್ಕ ಬಾರದವರನ್ನು ಕಂಡರೆ ನನಗೆ ಕನಿಕರ ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಎರಡು ಎಕ್ಸ್ ಎಂದರೆ ಎರಡು ಎಕ್ಸ್, ಅದರಲ್ಲಿ ತಿಳಿಯದೇ ಇರುವುದು ಏನಿದೆ ಎಂಬುದು ನನ್ನ ಆಗಿನ ವಾದ.

ಬಂದ ಮೊದಲ ವಾರವೇ ಪ್ರಿನ್ಸಿಪಾಲರು ನನ್ನ ತಲೆಗೆ ಒಂದು ಕೆಲಸ ಕಟ್ಟಿದರು. ಪಿಯುಸಿಗೆ ಸೇರಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಜಸ್ಟ್ ಪಾಸು. ಅವರಿಗೆ ಹೈಸ್ಕೂಲಿನ ಬೀಜಗಣಿತವನ್ನೇ ಮೊದಲಿನಿಂದ ಹೇಳಿಕೊಡದೆ ಪಿಯುಸಿ ಪಾಠ ಹತ್ತುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಕಾಲೇಜು ಶುರುವಾಗುವ ಮೊದಲು, ಬುನಾದಿ ಗಣಿತ ಎಂಬ ಒಂದು ವಿಶೇಷ ತರಗತಿ. ಹುಡುಗರು ಅದಕ್ಕೆ ದಡ್ಡರ ಕ್ಲಾಸು ಎಂದು ಹೆಸರಿಟ್ಟರು. ನಾನೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಕ್ಲಾಸಿಗೆ ಚಾಕ್‌ಪೀಸು, ಡಸ್ಟರು ತಂದಿಡುವುದು ನಮ್ಮ ಅಟೆಂಡರ ಕೆಲಸ. ನಲವತ್ತು ದಾಟಿದ, ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಗೋವಿನಕೋವಿಯ ಕಡೆಯವರು. ಯಾವಾಗಲೂ ಇಸ್ತ್ರಿ ಮಾಡಿದ ಕಾಕಿ ಅಂಗಿ, ಮೇಲುಜೇಬಿನಲ್ಲಿ ಬೀಗದ ಕೈಗಳ ಗೊಂಚಲು. ಅವರು ನಡೆದು ಬಂದರೆ ಮುಂಚೆ ಬೀಗದ ಕೈ ಕೇಳಿಸುತ್ತಿತ್ತು. ಚಾಕ್‌ಪೀಸು ಇಟ್ಟ ಮೇಲೂ ಅವರು ಹೋಗುತ್ತಿರಲಿಲ್ಲ. ಬಾಗಿಲ ಬಳಿ ನಿಂತೇ ಇರುತ್ತಿದ್ದರು. ಏನಾದರೂ ಬೇಕಾದೀತೆಂದು ಕಾಯುತ್ತಿದ್ದಾರೆ ಎಂದುಕೊಂಡು ನಾನು ಧಾರಾಳವಾಗಿ ಕೆಲಸ ಹೇಳುತ್ತಿದ್ದೆ. ಹಾಜರಿ ಪುಸ್ತಕ ತಾ ಎನ್ನುವೆ, ತರುವರು. ಕಿಟಕಿ ತೆರೆ ಎನ್ನುವೆ, ತೆರೆಯುವರು. ಆಗ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಎಲ್ಲ ಲೆಕ್ಚರರುಗಳೂ ಹಾಗೇ ಮಾಡುತ್ತಿದ್ದರು ಎಂಬುದು ನೆಪ. ನಮ್ಮಪ್ಪನಿಗಿಂತ ಹತ್ತೇ ವರ್ಷ ಚಿಕ್ಕವರು ಅವರು.

ಒಂದು ದಿನ ಹಳೆಯ ಪ್ರಶ್ನೆಪತ್ರಿಕೆ ಹುಡುಕಲು ಸ್ಟೋರ್ ರೂಮಿಗೆ ಹೋದೆ. ಮುರಿದ ಬೆಂಚು, ನಕಾಶೆಗಳ ಸುರುಳಿ, ಉತ್ತರ ಪತ್ರಿಕೆಗಳ ಬಂಡಲುಗಳ ನಡುವೆ ನೆಲದ ಕಲ್ಲುಚಪ್ಪಡಿಯ ತುಂಬ ಚಾಕಿನ ಬರಹ. ಬಗ್ಗಿ ನೋಡಿದೆ. ಒಂದೇ ಸಮೀಕರಣ. ಅದನ್ನೇ ಬಿಡಿಸಿ ತಪ್ಪಾಗಿ, ಗೀಟು ಹಾಕಿ, ಮತ್ತೆ ಬಿಡಿಸಿ, ಮತ್ತೆ ತಪ್ಪಾಗಿ, ಹನ್ನೊಂದು ಸಲ ಬರೆದಿತ್ತು. ಬಳಸಿ ಬಿಟ್ಟ ಚಾಕಿನ ಚೂರುಗಳು ಒಂದು ಖಾಲಿ ಡಬ್ಬಿಯಲ್ಲಿದ್ದವು. ಹಿಂದೆ ಬೀಗದ ಕೈ ಸದ್ದಾಯಿತು. ಅವರು ಒಂದು ಒದ್ದೆ ಬಟ್ಟೆ ಹಿಡಿದು ನೆಲ ಒರೆಸಲು ಬಂದಿದ್ದರು. ನನ್ನನ್ನು ಕಂಡು ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟರು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದು ಬಿಟ್ಟು ಮಿಕ್ಕೆಲ್ಲ ವಿಷಯ ಅವರಿಗೆ ಪಾಸಾಗಿತ್ತು. ಗಣಿತಕ್ಕೆ ನಾಲ್ಕು ಸಲ ಕಟ್ಟಿದ್ದರು, ನಾಲ್ಕು ಸಲವೂ ಹೋಗಿತ್ತು. ಪಾಸಾದರೆ ಗುಮಾಸ್ತರಾಗಿ ಬಡ್ತಿ ಸಿಗುತ್ತದೆ. ಬಡ್ತಿಯ ಪಟ್ಟಿ ಮುಂದಿನ ವರ್ಷ ತಯಾರಾಗುವುದಿತ್ತು, ಅದು ತಪ್ಪಿದರೆ ಇನ್ನೊಂದು ಯಾವಾಗಲೋ. ಇಷ್ಟನ್ನು ನಾನು ಒಂದೊಂದೇ ಪ್ರಶ್ನೆ ಕೇಳಿ ಅವರಿಂದ ಹೊರಡಿಸಬೇಕಾಯಿತು. ಕೊನೆಗೆ ಅವರಾಗಿ ಹೇಳಿದ್ದು ಒಂದೇ ಮಾತು:

"ಸಂಬಳದ ಆಸೆ ಇಲ್ಲ ಅಂತಲ್ರೀ ಮೇಡಂ. ಆದ್ರೆ ಒಂದು ಕುರ್ಚಿ ಮ್ಯಾಲೆ ಕುಂತು, ಎದ್ದೇಳದಂಗೆ, ಒಂದು ಕೆಲಸ ಪೂರ್ತಿ ಮುಗಿಸಬೇಕು ಅಂತ ಭಾಳ ಆಸೆ ಐತೆ."

ಆ ಮಾತಿನ ತೂಕ ನನಗಾಗ ತಿಳಿಯಲಿಲ್ಲ. ನಾಳೆಯಿಂದ ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಬಂದು ಬೆಂಚಿನ ಮೇಲೆ ಕೂತುಕೋ ಎಂದೆ. ಮಹಾ ಉಪಕಾರ ಮಾಡಿದವಳ ಹಾಗೆ ಹೊರಟುಹೋದೆ.

ಅವರು ಕೂತದ್ದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ, ಅನ್ವರನ ಪಕ್ಕ. ಎರಡು ದಿನ ಮಾತಿಲ್ಲದೆ ಬರೆದುಕೊಂಡರು. ಮೂರನೆಯ ದಿನ ನಾನು ಬೋರ್ಡಿನ ಮೇಲೆ ಎಂದಿನಂತೆ, ಈ ಕಡೆಯ ಪ್ಲಸ್ ಆ ಕಡೆಗೆ ಹೋದರೆ ಮೈನಸ್ ಎಂದು ಹೇಳುತ್ತಿದ್ದಾಗ ಕೈ ಎತ್ತಿದರು. ಹುಡುಗರೆಲ್ಲ ತಿರುಗಿ ನೋಡಿದರು.

"ಆ ಕಡೆ ಹೋದ್ರೆ ಮೈನಸ್ ಯಾಕಾಗ್ತೈತ್ರೀ ಮೇಡಂ? ದಾರ್ಯಾಗೆ ಅದಕ್ಕೆ ಏನಾಗ್ತೈತೆ?"

ಕ್ಲಾಸು ಗೊಳ್ಳೆಂದಿತು. ನಾನು ನಗಲಿಲ್ಲ, ಉರಿದುಬಿದ್ದೆ. ಅದು ನಿಯಮ, ನಿಯಮಕ್ಕೆ ಯಾಕೆ ಅಂತ ಕೇಳಬಾರದು ಎಂದುಬಿಟ್ಟೆ. ಎಂ.ಎಸ್ಸಿ.ಯಲ್ಲಿ ರ‍್ಯಾಂಕಿನ ಹತ್ತಿರ ಬಂದವಳ ಉತ್ತರ ಇದು. ನನಗೆ ಲೆಕ್ಕ ಮಾಡಲು ಗೊತ್ತಿತ್ತು. ಅದು ಏಕೆ ಹಾಗೆ ಎಂದು ಇನ್ನೊಬ್ಬರಿಗೆ ಹೇಳುವ ಪ್ರಸಂಗ ಬಂದೇ ಇರಲಿಲ್ಲ.

ಮಾರನೆಯ ದಿನ ಚಾಕ್‌ಪೀಸು ಇಡುವಾಗ ಅವರೇ ಮೆಲ್ಲಗೆ ವಿಷಯ ತೆಗೆದರು. ಪರೀಕ್ಷೆಗೆ ಬೆಂಚು ಜೋಡಿಸುವುದು ಅವರ ಕೆಲಸ. ಎರಡು ರೂಮಿನಲ್ಲೂ ಸಮ ಬೆಂಚು ಇರಬೇಕೆಂದು ಆರ್ಡರ್ ಆಗಿದೆ ಅನ್ನಿ. ಈ ರೂಮಿನಿಂದ ಮೂರು ಬೆಂಚು ಹೊರಗೆ ಹಾಕಿದರೆ ಆ ರೂಮಿನಿಂದಲೂ ಮೂರು ಹೊರಗೆ ಹಾಕಬೇಕು, ಇಲ್ಲದಿದ್ದರೆ ಸಮ ಉಳಿಯುವುದಿಲ್ಲ. "ಹಂಗಾದ್ರೆ ಯಾವುದೂ ಆ ಕಡೆ ಹೋಗೇ ಇಲ್ಲಲ್ರೀ. ಇಲ್ಲೂ ತೆಗೆದ್ವಿ, ಅಲ್ಲೂ ತೆಗೆದ್ವಿ. ಇಲ್ಲಿ ಖಾಲಿ ಆತು, ಅಲ್ಲಿ ಮೈನಸ್ ಕಾಣ್ತು. ಅಷ್ಟೇ ಅಲ್ವೇನ್ರೀ?"

ಅಷ್ಟೇ. ಮುಂದೆ ನಾನು ಮೂವತ್ತು ವರ್ಷ ಬೀಜಗಣಿತ ಹೇಳಿದೆ. ಆ ಕಡೆ ಹೋದರೆ ಮೈನಸ್ ಎಂದು ಒಂದು ದಿನವೂ ಮತ್ತೆ ಬಾಯಿಬಿಟ್ಟು ಹೇಳಿಲ್ಲ. ಬೆಂಚು ಹೊರಗೆ ಹಾಕಿಸಿದ್ದೇನೆ.

ಎಕ್ಸ್ ಅನ್ನುವುದೂ ಅವರಿಗೆ ಹೀಗೇ ದಕ್ಕಿತು. ಮೊದಮೊದಲು ಅವರ ತೊಂದರೆ ಏನೆಂದರೆ, ನಿನ್ನೆ ಎಕ್ಸ್ ಐದು ಎಂದು ಕಂಡುಹಿಡಿದ ಮೇಲೆ ಇವತ್ತು ಅದು ಒಂಬತ್ತು ಹೇಗಾಗುತ್ತದೆ ಎಂಬುದು. ಒಮ್ಮೆ ಸಿಕ್ಕಿದ್ದು ಸಿಕ್ಕಿದ ಹಾಗೇ ಇರಬೇಕಲ್ಲ ಎಂಬ ಪ್ರಾಮಾಣಿಕ ಅನುಮಾನ. ಕ್ಲಾಸಿನ ಅರ್ಧ ಜನಕ್ಕೂ ಅದೇ ಅನುಮಾನವಿತ್ತು, ಕೇಳುವ ಧೈರ್ಯ ಇರಲಿಲ್ಲ. ಆಮೇಲೆ ಉತ್ತರ ಪತ್ರಿಕೆಯ ಬಂಡಲು ಅವರಿಗೆ ನೆನಪಾಯಿತು. ಸೀಲು ಒಡೆಯದ ಮೂರು ಬಂಡಲು, ಜೊತೆಗೆ ಬಿಡಿ ಪತ್ರಿಕೆ ಏಳು. ಇನ್ನೊಂದು ಮೇಜಿನ ಮೇಲೆ ಎರಡು ಬಂಡಲು, ಬಿಡಿ ಮೂವತ್ತೆರಡು. ಎರಡು ಮೇಜೂ ಸಮ. ಹಾಗಾದರೆ ಒಂದು ಬಂಡಲಿನಲ್ಲಿ ಎಷ್ಟು? ಸೀಲು ಒಡೆಯದೆಯೇ ಇಪ್ಪತ್ತೈದು ಎಂದು ಹೇಳಿದ ದಿನ ಅವರ ಮುಖ ನೋಡಬೇಕಿತ್ತು. ಈ ಸಲದ ಬಂಡಲೇ ಬೇರೆ, ಮುಂದಿನ ಸಲದ್ದೇ ಬೇರೆ ಎಂದು ಅನ್ವರನಿಗೆ ಅವರೇ ಹೇಳಿಕೊಟ್ಟರು. ಬ್ರಾಕೆಟ್ಟಿನ ಹೊರಗೆ ಮೈನಸ್ ಇದ್ದರೆ ಒಳಗಿನ ಮೊದಲನೆಯದಕ್ಕೆ ಮಾತ್ರ ಚಿಹ್ನೆ ಬದಲಿಸಿ ಎರಡನೆಯದನ್ನು ಮರೆಯುವುದು ಎಲ್ಲರ ರೋಗ. ಅದಕ್ಕೂ ಮದ್ದು ಅವರದೇ. ಪ್ರಿನ್ಸಿಪಾಲರ ನೋಟಿಸ್ ಪುಸ್ತಕ ಸ್ಟಾಫ್ ರೂಮಿಗೆ ಬಂದರೆ ಒಳಗೆ ಇರುವವರೆಲ್ಲ ಸಹಿ ಹಾಕಬೇಕು, ಬಾಗಿಲ ಹತ್ತಿರ ಕೂತವರು ಒಬ್ಬರು ಹಾಕಿದರೆ ಸಾಲದು.

ನನ್ನ ಪಾಠ ನನಗೇ ರುಚಿಸತೊಡಗಿತು. ದಡ್ಡರ ಕ್ಲಾಸಿಗೆ ದಡ್ಡರಲ್ಲದವರೂ ಬಂದು ಕೂರತೊಡಗಿದರು. ಯಾವಾಗ ನಾನು ಅವರಿಗೆ ನೀವು ಎನ್ನಲು ಶುರುಮಾಡಿದೆನೋ ನೆನಪಿಲ್ಲ, ಅಷ್ಟರಲ್ಲೇ ಎಲ್ಲೋ. ಆದರೆ ಪಾಠದ ನಡುವೆ ಕೆಲಸ ಹೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬಹುವಚನದಲ್ಲಿ ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಒಂದು ದಿನ ಅವರು ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡರು. ಒಂಬತ್ತು ಐವತ್ತಕ್ಕೆ ಕಾಲೇಜಿನ ಮೊದಲ ಗಂಟೆ ಹೊಡೆಯಬೇಕು. ಅವರು ಎರಡು ಸಲ ಬಾಗಿಲ ಕಡೆ ನೋಡಿದರು. ನಾನು, ಇದು ಮುಗಿಯುವವರೆಗೂ ಏಳಕೂಡದು ಎಂದು ಗದರಿದೆ. ಲೆಕ್ಕ ಮುಗಿದು ಅವರು ಓಡಿಹೋಗಿ ಕಂಬಿಗೆ ಹೊಡೆದಾಗ ಹತ್ತು ಗಂಟೆ ಆಗಿತ್ತು. ದಿನಾ ತಡವಾಗಿ ಬರುವ ನ್ಯಾಮತಿ ಬಸ್ಸಿನ ಹುಡುಗರು ಅಂದು ಮಾತ್ರ ಸರಿಯಾದ ಸಮಯಕ್ಕೆ ಬಂದಂತಾಗಿ ಜಂಬದಿಂದ ಒಳಗೆ ನಡೆದರು. ಪ್ರಿನ್ಸಿಪಾಲರು ವರಾಂಡದಲ್ಲಿ ಎಲ್ಲರೆದುರು ಅವರಿಗೆ ಬೈದರು. ಗಂಟೆ ಹೊಡೆಯುವುದೊಂದು ಕೆಲಸ, ಅದೂ ಬರುವುದಿಲ್ಲವೇ ಎಂದರು. ನನ್ನದೇ ತಪ್ಪು ಸಾರ್ ಎಂದು ಇವರು ತಲೆ ತಗ್ಗಿಸಿದರು. ನಾನು ಹಾಜರಿ ಪುಸ್ತಕ ಎದೆಗವಚಿಕೊಂಡು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಕೆಲಸಕ್ಕೆ ಹೊಸಬಳು, ಹೆದರಿದ್ದೆ. ಆ ಹೆದರಿಕೆಗೆ ಇಂದಿಗೂ ನಾಚಿಕೆಯಾಗುತ್ತದೆ.

ಏಪ್ರಿಲ್‌ನಲ್ಲಿ ಅವರು ಐದನೆಯ ಸಲ ಪರೀಕ್ಷೆಗೆ ಕೂತರು. ಖಾಸಗಿ ಅಭ್ಯರ್ಥಿಗಳಿಗೆ ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಕೇಂದ್ರ. ಈ ಸಲ ಪಾಸು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮಾರನೆಯ ದಿನ ಅವರು ಸ್ಟಾಫ್ ರೂಮಿಗೆ ಬಂದಾಗ ಹೇಗಾಯಿತೆಂದು ಕೇಳಿದೆ. ಚೆನ್ನಾಗಿತ್ತು, ಕೊನೆಯದೊಂದು ಅರ್ಧಕ್ಕೆ ನಿಂತಿತು ಎಂದರು. ಏಕೆ ನಿಂತಿತು ಎಂದು ಕೇಳಿದರೆ ನಕ್ಕರು. ಬಿಡದೆ ಕೇಳಿದ ಮೇಲೆ ಹೇಳಿದರು.

ಪರೀಕ್ಷೆ ಮುಗಿಯಲು ಹತ್ತು ನಿಮಿಷ ಇರುವಾಗ ಎಚ್ಚರಿಕೆಯ ಗಂಟೆ ಹೊಡೆಯುತ್ತಾರೆ. ಹೆಚ್ಚುವರಿ ಹಾಳೆ ತೆಗೆದುಕೊಂಡವರು ಎಲ್ಲ ಸೇರಿಸಿ ದಾರದಲ್ಲಿ ಕಟ್ಟಬೇಕು. ಆ ಗಂಟೆ ಆದ ಕೂಡಲೇ ದಾರದ ಉಂಡೆ ಹಿಡಿದು ಪರೀಕ್ಷಾ ಹಾಲಿನಲ್ಲಿ ಹಂಚುವುದು ಎಲ್ಲ ಊರಿನಲ್ಲೂ ಅಟೆಂಡರ ಕೆಲಸ. ಹದಿನೇಳು ವರ್ಷ ಅದನ್ನೇ ಮಾಡಿದವರು ಇವರು. ಕೊನೆಯ ಪ್ರಶ್ನೆ ತಂದೆ ಮಗನ ವಯಸ್ಸಿನದು. ತಂದೆಯ ವಯಸ್ಸು ಮಗನ ಮೂರರಷ್ಟು, ಹನ್ನೆರಡು ವರ್ಷದ ನಂತರ ಎರಡರಷ್ಟು. ಸಮೀಕರಣ ಬರೆದು ಮುಗಿದಿತ್ತು, ಬಿಡಿಸುವುದೊಂದು ಬಾಕಿ. ಅಷ್ಟರಲ್ಲಿ ಗಂಟೆ ಹೊಡೆಯಿತು. ಇವರು ಬಾಗಿಲ ಪಕ್ಕದ ತಮ್ಮ ಬೆಂಚಿನಿಂದ ಎದ್ದು ನಿಂತುಬಿಟ್ಟಿದ್ದರು. ಎದ್ದದ್ದು ತಮಗೇ ತಿಳಿಯಲಿಲ್ಲವಂತೆ. ಮೇಲ್ವಿಚಾರಣೆಗೆ ಆಗಷ್ಟೇ ಬೇರೊಬ್ಬರ ಬದಲಿಗೆ ಒಳಗೆ ಬಂದಿದ್ದ ಎಳೆಯ ಮೇಷ್ಟ್ರು, ಬಾಗಿಲ ಬಳಿ ಕಾಕಿ ಅಂಗಿಯಲ್ಲಿ ನಿಂತವರನ್ನು ನೋಡಿ, ಬೇಗ ದಾರ ತಗೊಂಡು ಬಾರಯ್ಯ ಎಂದರು. ಇವರು ಹೋದರು. ಆಫೀಸಿನಿಂದ ದಾರ ತಂದರು. ಹಾಲಿನ ಎಲ್ಲರಿಗೂ ಕತ್ತರಿಸಿ ಕತ್ತರಿಸಿ ಕೊಟ್ಟರು. ಸರಿಯಾಗಿ ಗಂಟು ಹಾಕಲು ಬಾರದ ಇಬ್ಬರು ಹುಡುಗಿಯರಿಗೆ ಗಂಟು ಹಾಕಿಯೂ ಕೊಟ್ಟರು. ತಿರುಗಿ ತಮ್ಮ ಬೆಂಚಿಗೆ ಬರುವುದಕ್ಕೂ ಕೊನೆಯ ಗಂಟೆಗೂ ಸರಿಹೋಯಿತು.

"ಮಗನಿಗೆ ಹನ್ನೆರಡು, ಅಪ್ಪಗೆ ಮೂವತ್ತಾರು. ದಾರ ಹಂಚ್ತಾ ಹಂಚ್ತಾನೇ ಹೊಳೀತ್ರೀ ಮೇಡಂ. ಬರೆಯಾಕೆ ಆಗಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ನಾನೂ ಅಭ್ಯರ್ಥಿ ಅಂತ ಒಂದು ಮಾತು ಹೇಳಲಾಗಲಿಲ್ಲವೇ ಎಂದು ಇವರ ಮೇಲೆ ಹಾರಾಡಿದೆ. ಆ ಮೇಷ್ಟ್ರ ಮೇಲೆ ದೂರು ಬರೆಯುತ್ತೇನೆಂದು ಕಾಗದ ಎಳೆದುಕೊಂಡೆ. ಬೇಡವೆಂದು ಕೈ ಮುಗಿದರು. ಆ ಮೇಷ್ಟ್ರು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿಲ್ಲ, ಹೊಸಬರು, ಹೆದರಿಕೊಂಡಿದ್ದರು ಎಂದರು. ಮೂವತ್ತು ಹುಡುಗರ ಹಾಳೆ ಬಿಡಿಬಿಡಿಯಾಗಿ ಹೋದರೆ ಅವರ ಗತಿ ಏನು ಎಂದರು. ಇಂಥವರಿಗೆ ಪಾಠ ಹೇಳಿದ್ದೇ ದಂಡ ಎಂದು ನಾನು ಕೂಗಾಡಿದೆ. ಕೂಗಾಡಿ ಗಂಟಲೊಣಗಿ, ಮೊದಲು ಒಂದು ಲೋಟ ನೀರು ತಗೊಂಡು ಬನ್ನಿ ಎಂದೆ.

ಅವರು ಹೋಗಿ ತಂದುಕೊಟ್ಟರು.

ಲೋಟ ಕೈಗೆ ಬಂದ ಮೇಲೆ ನಾನೇನು ಮಾಡಿದೆ ಎಂದು ನನಗೆ ಹೊಳೆಯಿತು. ಆ ಎಳೆಯ ಮೇಷ್ಟ್ರು ಒಂದು ಸಲ ಏಳಿಸಿದ್ದರು. ನಾನು ಒಂದು ವರ್ಷ ಪೂರ್ತಿ, ಪಾಠದ ನಡುವೆ, ಲೆಕ್ಕದ ನಡುವೆ, ದಿನವೂ ಏಳಿಸಿದ್ದೆ. ಕರೆದರೆ ಏಳುವುದನ್ನು ಅವರಿಗೆ ಮತ್ತೆ ಮತ್ತೆ ರೂಢಿ ಮಾಡಿಸಿದವಳು ನಾನೇ. ನೀರು ಕುಡಿಯಲಾಗದೆ ಲೋಟವನ್ನು ಮೇಜಿನ ಮೇಲಿಟ್ಟೆ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಅವರು ಗಾಬರಿಯಾಗಿ, ಬಿಸಿನೀರು ತರಲೇ ಎಂದರು.

ಫಲಿತಾಂಶ ಬಂತು. ಮೂವತ್ತಮೂರು. ಇನ್ನೆರಡು ಅಂಕ ಇದ್ದರೆ ಪಾಸು. ಅವರ ಬಾಡಿಗೆ ಮನೆಗೆ ಹೋದಾಗ ಅವರ ಹೆಂಡತಿ ನನಗೆ ಮಂಡಕ್ಕಿ ಕೊಟ್ಟು, "ಊರ ಹುಡ್ರ ಪೇಪರೆಲ್ಲಾ ಕಟ್ಟಿ ಬಂದ್ರು ನಮ್ಮನಿಯೋರು, ತಮ್ಮದೊಂದು ಬಿಟ್ಟು" ಎಂದು ನಕ್ಕರು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಇತ್ತು. ಬಡ್ತಿ ಪಟ್ಟಿಗೆ ಮೊದಲು ಅದೊಂದೇ ಉಳಿದಿದ್ದ ಅವಕಾಶ.

ಬೀಜಗಣಿತದಲ್ಲಿ ಅವರಿಗೆ ಇನ್ನು ಹೇಳಿಕೊಡುವುದು ಏನೂ ಇರಲಿಲ್ಲ. ಕಲಿಯಬೇಕಾದದ್ದು ಒಂದೇ, ಗಂಟೆ ಹೊಡೆದಾಗ ಕೂತೇ ಇರುವುದು. ನಾನು ಇಡೀ ಕ್ಲಾಸಿಗೆ ವಿಷಯ ಹೇಳಿದೆ. ಹುಡುಗರು ತಮಾಷೆ ಮಾಡಬಹುದೆಂಬ ಅಳುಕಿತ್ತು, ಯಾರೂ ಮಾಡಲಿಲ್ಲ. ಅನ್ವರ್ ಮನೆಯಿಂದ ಒಂದು ಹಿತ್ತಾಳೆ ತಟ್ಟೆ ತಂದ. ಅವರು ಲೆಕ್ಕದಲ್ಲಿ ಮುಳುಗಿದ್ದಾಗ ಅವನು ಕಿಟಕಿಯ ಹೊರಗೆ ಹೋಗಿ ತಟ್ಟೆಗೆ ಬಾರಿಸುವುದು, ಅವರು ಏಳದೆ ಇರುವುದು. ಇದು ನಮ್ಮ ಅಭ್ಯಾಸ.

ಮೊದಲ ವಾರ ಪ್ರತಿಸಲವೂ ಎದ್ದರು. ಎದ್ದು, ನಾಲಿಗೆ ಕಚ್ಚಿಕೊಂಡು, ಕೂರುತ್ತಿದ್ದರು. ಎರಡನೆಯ ವಾರ ಅರ್ಧ ಎದ್ದರು. ಪಕ್ಕದವರು ಹೆಗಲ ಮೇಲೆ ಕೈ ಇಟ್ಟು ಕೂರಿಸುತ್ತಿದ್ದರು. ಆಮೇಲೆ ಹುಡುಗರು ಒಬ್ಬೊಬ್ಬರಾಗಿ ಮೇಲ್ವಿಚಾರಕರ ಪಾತ್ರ ವಹಿಸಿ, ಏ ದಾರ ತಾ, ಏ ನೀರು ತಾ ಎಂದು ಗದರಿಸತೊಡಗಿದರು. ನಾನು ಪರೀಕ್ಷೆ ಬರೆಯಾಕೆ ಬಂದೀನ್ರೀ ಎಂದು ಅವರು ಕೂತಲ್ಲಿಂದಲೇ ಹೇಳಬೇಕು. ಆ ನಾಲ್ಕು ಪದ ಹೇಳಲು ಅವರಿಗೆ ಒಂದು ತಿಂಗಳು ಹಿಡಿಯಿತು. ಮೊದಲು ನೆಲ ನೋಡುತ್ತಾ ಹೇಳಿದರು, ಆಮೇಲೆ ಬೋರ್ಡು ನೋಡುತ್ತಾ, ಕೊನೆಗೊಂದು ದಿನ ಕೇಳಿದವನ ಮುಖ ನೋಡಿಯೇ ಹೇಳಿದರು. ಕ್ಲಾಸು ಚಪ್ಪಾಳೆ ತಟ್ಟಿತು.

ನನಗೂ ಒಂದು ಅಭ್ಯಾಸ ಬೇಕಿತ್ತು. ಚಾಕಿನ ಡಬ್ಬಿ, ಹಾಜರಿ ಪುಸ್ತಕ, ನೀರಿನ ಚೊಂಬು ನಾನೇ ಹೊತ್ತು ತರಲು ಶುರುಮಾಡಿದೆ. ಆದರೂ ಬಾಯಿ ತಪ್ಪಿ ಅವರ ಹೆಸರು ಬಂದುಬಿಡುತ್ತಿತ್ತು. ಅವರು ಏಳುವುದನ್ನು ಬಿಟ್ಟ ಮೇಲೂ ನಾನು ಕರೆಯುವುದು ನಿಂತಿರಲಿಲ್ಲ. ಯಾರು ದಡ್ಡರು ಎಂದು ಆಗ ಗೊತ್ತಾಯಿತು.

ಅನ್ವರನ ಅಪ್ಪ ಪೇಟೆಯಲ್ಲಿ ದರ್ಜಿ. ಪರೀಕ್ಷೆಗೆ ತೊಟ್ಟು ಹೋಗಲೆಂದು ಅವರೊಂದು ಬಿಳಿ ಅಂಗಿ ಹೊಲಿದುಕೊಟ್ಟರು. ಮೇಲುಜೇಬು ಇಡಬೇಡಿ, ಇಟ್ಟರೆ ಅದರೊಳಗೆ ದಾರ ತುಂಬಿಕೊಂಡು ಹೋಗುತ್ತಾರೆ ಎಂದು ಅನ್ವರ್ ಅಪ್ಪನಿಗೆ ತಾಕೀತು ಮಾಡಿದ್ದನಂತೆ. ಬೀಗದ ಕೈ ಗೊಂಚಲನ್ನು ಪರೀಕ್ಷೆಯ ದಿನ ನಾನು ಇಸಿದುಕೊಂಡೆ.

ಅಕ್ಟೋಬರಿನ ಪರೀಕ್ಷೆಗೆ ನಾನು ರಜೆ ಹಾಕಿ ಅವರ ಜೊತೆಗೇ ನ್ಯಾಮತಿಗೆ ಹೋದೆ. ಅವರು ಒಳಗೆ ಹೋದ ಮೇಲೆ ಗೇಟಿನಾಚೆ ಬೇವಿನ ಮರದ ಕಟ್ಟೆಯ ಮೇಲೆ ಮೂರು ಗಂಟೆ ಕೂತೆ. ಪುಸ್ತಕ ತಂದಿದ್ದೆ, ಒಂದು ಪುಟವೂ ಓದಲಿಲ್ಲ. ಎಚ್ಚರಿಕೆಯ ಗಂಟೆ ಹೊಡೆಯಿತು. ಹಾಲಿನ ಬಾಗಿಲನ್ನೇ ನೋಡುತ್ತಿದ್ದೆ. ಬಿಳಿ ಅಂಗಿ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬೇರೆ ಯಾರೋ ಕಾಕಿ ಅಂಗಿಯವರು ದಾರದ ಉಂಡೆ ಹಿಡಿದು ಆಫೀಸಿನಿಂದ ಒಳಗೆ ಹೋದರು. ನಾನು ಕಟ್ಟೆಯ ಮೇಲೆ ಒಬ್ಬಳೇ ಕೂತು ನಕ್ಕೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಐವತ್ತೆರಡು ಬಂತು. ಪಟ್ಟಿಯಲ್ಲಿ ಹೆಸರೂ ಬಂತು. ಮುಂದಿನ ವರ್ಷ ಅವರಿಗೆ ಗುಮಾಸ್ತರಾಗಿ ಜಗಳೂರಿಗೆ ವರ್ಗವಾಯಿತು. ಹೊರಡುವ ದಿನ ಕೊನೆಯ ಗಂಟೆ ಅವರೇ ಹೊಡೆದರು. ಎಂದಿನಂತೆ ಮೊದಲು ಗಂಟಲು ಸರಿಮಾಡಿಕೊಂಡರು. ಅಂದು ನಾನು ನಗಲಿಲ್ಲ. ಪ್ರಿನ್ಸಿಪಾಲರ ಮುಂದೆ ನಿಂತು, ಹಿಂದೊಮ್ಮೆ ಗಂಟೆ ತಡವಾದದ್ದು ನನ್ನಿಂದ ಎಂದು ಹೇಳಿದೆ. ಪ್ರಿನ್ಸಿಪಾಲರಿಗೆ ಆ ಪ್ರಸಂಗವೇ ಮರೆತುಹೋಗಿತ್ತು.

ಆಮೇಲೆ ಒಂದೇ ಸಲ ಅವರನ್ನು ನೋಡಿದ್ದು. ಎಂಬತ್ತರ ದಶಕದ ನಡುವೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಜಗಳೂರಿಗೆ ಹಾಕಿದ್ದರು. ಬಿಳಿಚೋಡು ಊರನ್ನು ಹಾದು ಬಸ್ಸಿನಲ್ಲಿ ಹೋಗಿ ಇಳಿದು, ಪರೀಕ್ಷೆ ಶುರುವಾಗುವ ಅರ್ಧ ಗಂಟೆ ಮೊದಲು ಹಾಲಿಗೆ ಕಾಲಿಟ್ಟರೆ, ಪ್ರತಿ ಬೆಂಚಿನ ಮೇಲೂ ನಂಬರಿನ ಪಕ್ಕ ಒಂದೊಂದು ತುಂಡು ಬಿಳಿ ದಾರ. ಎಲ್ಲ ಒಂದೇ ಅಳತೆ, ಗಾಳಿಗೆ ಹಾರದಂತೆ ಮೇಲೊಂದು ಸಣ್ಣ ಕಲ್ಲು. ಅಂಥದ್ದನ್ನು ನಾನು ಬೇರೆ ಯಾವ ಕೇಂದ್ರದಲ್ಲೂ ಕಂಡಿರಲಿಲ್ಲ. ಇದು ಯಾರ ವ್ಯವಸ್ಥೆ ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಆಫೀಸಿನಲ್ಲಿ ಕನ್ನಡಕ ಹಾಕಿಕೊಂಡು, ಬಿಳಿ ಅಂಗಿ ತೊಟ್ಟು, ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು. ಏಳಬೇಡಿ ಎಂದೆ. ಅವರ ಎದುರಿನ ಕುರ್ಚಿಯಲ್ಲಿ ಕೂತೆ. ದಾರದ ವಿಷಯ ಕೇಳಿದ್ದಕ್ಕೆ, ಹಿಂದಿನ ದಿನವೇ ಅಟೆಂಡರೂ ತಾವೂ ಕೂತು ಎಲ್ಲ ಕತ್ತರಿಸಿ ಇಟ್ಟುಬಿಡುತ್ತೇವೆ ಎಂದರು.

"ಕೊನೇ ಹತ್ತು ನಿಮಿಷ ಭಾಳ ದೊಡ್ಡದ್ರೀ ಮೇಡಂ. ಅದು ಯಾರ್ದೂ ಹಾಳಾಗಬಾರ್ದು. ನಮ್ಮ ಅಟೆಂಡರೂ ಈ ಸಲ ಗಣಿತಕ್ಕೆ ಕಟ್ಟ್ಯಾನೆ, ಒಳಗೆ ಬರೀತಾ ಕುಂತಾನೆ."

ಅವನ ಬದಲಿಗೆ ಅಂದು ಗಂಟೆ ಹೊಡೆಯುತ್ತಿದ್ದವರು ಡ್ರಿಲ್ ಮೇಷ್ಟ್ರು. ಪರೀಕ್ಷೆ ಸಾಗಿತು. ನಾನು ಹಾಲುಗಳನ್ನು ಸುತ್ತಿ ಬಂದು ಮತ್ತೆ ಅವರೆದುರು ಕೂತಿದ್ದಾಗ ಎಚ್ಚರಿಕೆಯ ಗಂಟೆ ಹೊಡೆಯಿತು. ಅವರು ರಿಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದರು. ಪೆನ್ನು ನಿಂತಿತು. ಎರಡೂ ಕೈ ಮೇಜಿನ ಅಂಚಿಗೆ ಬಂದವು, ಹಿಮ್ಮಡಿ ನೆಲ ಬಿಟ್ಟು ಎದ್ದವು. ನಾನು ನೋಡುತ್ತಿದ್ದೆ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು, ಮೆಲ್ಲಗೆ ಹಿಮ್ಮಡಿ ಊರಿದರು.

"ಎದ್ದಿಲ್ರೀ ಮೇಡಂ" ಎಂದರು. ಮತ್ತೆ ಪೆನ್ನು ತೆಗೆದುಕೊಂಡು, ಅರ್ಧಕ್ಕೆ ನಿಂತಿದ್ದ ಸಾಲನ್ನು ಪೂರ್ತಿ ಬರೆದು ಮುಗಿಸಿದರು.